ಮನೆಯ ಧೂಳು, ಅಂಗಳದ ಮಣ್ಣು ಮತ್ತು ಸೀಸ: ಒಂದು ಪರೀಕ್ಷಾ ಸೇವೆಯ ವಿಮರ್ಶೆ

ಮನೆಯೊಳಗಿನ ಧೂಳಿನಲ್ಲಿಯೂ ಅಂಗಳದ ಮಣ್ಣಿನಲ್ಲಿಯೂ ಸೀಸ ಎಷ್ಟಿದೆ ಎಂದು ಅಳೆದು ಹೇಳುವ ಸೇವೆಯೊಂದನ್ನು ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದು ಕೊರಿಯರ್ ಮೂಲಕ ಒದಗಿಸುತ್ತಿದೆ. ಮಾದರಿ ಸಂಗ್ರಹಿಸುವ ಪೆಟ್ಟಿಗೆಯನ್ನು ಅವರು ಕಳುಹಿಸುತ್ತಾರೆ. ನಾವು ತುಂಬಿಸಿ ಹಿಂದಿರುಗಿಸಿದರೆ ಕೆಲವು ವಾರಗಳ ನಂತರ ವರದಿ ಬರುತ್ತದೆ. ವಿರಾಜಪೇಟೆಯ ಸಮೀಪದಲ್ಲಿರುವ ನಮ್ಮ ಕುಟುಂಬದ ಹಳೆಯ ಮನೆಯನ್ನು ಹೋಂಸ್ಟೇಗಾಗಿ ದುರಸ್ತಿ ಮಾಡಿಸುವಾಗ ಈ ಸೇವೆಯನ್ನು ಬಳಸಿದ್ದೇನೆ. ಅಳತೆಯ ಕೆಲಸದಲ್ಲಿ ಈ ಪ್ರಯೋಗಾಲಯವು ನಂಬಿಕೆಗೆ ಅರ್ಹವಾಗಿದೆ. ಆದರೆ ಅಳತೆಯ ಪಕ್ಕದಲ್ಲಿ ಅವರು ಒತ್ತಿ ಕಳುಹಿಸುವ ‘ಮಿತಿಯೊಳಗಿದೆ’ ಎಂಬ ಮೊಹರನ್ನು ಮಾತ್ರ ಯಾರೂ ಕಣ್ಣುಮುಚ್ಚಿ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಯೊಂದಿಗೆ ಬರುವ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ಕೋಲಾರ ಚಿನ್ನದ ಗಣಿಯ ತ್ಯಾಜ್ಯ ದಿಬ್ಬದ ಚಿತ್ರವಿದೆ. ಇದು ನನಗೆ ಸರಿಯೆನಿಸಲಿಲ್ಲ. ಕೆಜಿಎಫ್ ಚಿನ್ನದ ಗಣಿ. 2001ರ ಫೆಬ್ರುವರಿ 28ರಂದು ಮುಚ್ಚಿದ ಆ ಗಣಿಯ ದಿಬ್ಬಗಳ ಬಗ್ಗೆ ಮೊದಲು ಕೇಳಬೇಕಾದುದು ಸಯನೈಡ್ ಮತ್ತು ಆರ್ಸೆನಿಕ್‌ನ ಪ್ರಶ್ನೆಯನ್ನು. ಸೀಸದ ಗಣಿಯನ್ನೇ ತೋರಿಸಬೇಕೆಂದಿದ್ದರೆ ಉದಯಪುರದ ಬಳಿಯ ಜಾವರ್ ಇತ್ತು. ನಮ್ಮ ಭಾವ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಪುಸ್ತಿಕೆಯನ್ನು ನೋಡಿದ ಕೂಡಲೇ ಈ ಮಾತನ್ನು ಎತ್ತಿದವರೂ ಅವರೇ. ಚಿತ್ರ ತಪ್ಪಿದ್ದರೂ ಪುಸ್ತಿಕೆಯ ಒಳಗಿನ ವಿಷಯ ಮಾತ್ರ ಗಟ್ಟಿಯಾಗಿದೆ, ಏಕೆಂದರೆ ಮನೆಯ ಧೂಳಿನಲ್ಲಿ ಸೀಸವನ್ನು ಹೇಗೆ ಹುಡುಕಬೇಕು ಎಂಬ ವಿದ್ಯೆಯ ಬಹುಪಾಲು ಮುಚ್ಚಿಹೋದ ಗಣಿಗಳ ಮತ್ತು ಅದಿರು ಕರಗಿಸುವ ಕುಲುಮೆಗಳ ಊರುಗಳಿಂದಲೇ ಬಂದಿದೆ.

ಅಮೆರಿಕದ ಐಡಹೊ ರಾಜ್ಯದ ಬಂಕರ್ ಹಿಲ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 1973ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೀಸದ ಕುಲುಮೆಯ ಹೊಗೆಯನ್ನು ಸೋಸುವ ಕಟ್ಟಡಕ್ಕೆ ಬೆಂಕಿ ಬಿತ್ತು, ಆದರೂ ಕುಲುಮೆ ತಿಂಗಳುಗಟ್ಟಲೆ ನಡೆಯುತ್ತಲೇ ಇತ್ತು. ಮರುವರ್ಷ ರಕ್ತಪರೀಕ್ಷೆ ನಡೆಸಿದಾಗ, ಕುಲುಮೆಯಿಂದ ಒಂದು ಮೈಲಿಯೊಳಗೆ ವಾಸವಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲಿಯೂ ಪ್ರತಿ ಡೆಸಿಲೀಟರ್‌ಗೆ 40 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದಿತು; ಇಂದು ಅದೇ ದೇಶದ ರೋಗ ನಿಯಂತ್ರಣ ಕೇಂದ್ರವು ಗಮನ ಹರಿಸಬೇಕಾದ ಮಟ್ಟವೆಂದು ಇಟ್ಟುಕೊಂಡಿರುವುದು 3.5 ಮೈಕ್ರೋಗ್ರಾಂ. 1981ರಲ್ಲಿ ಕುಲುಮೆ ಮುಚ್ಚಿತು. ಹೊಗೆ ನಿಂತರೂ ಸೀಸ ಹೋಗಲಿಲ್ಲ, ಏಕೆಂದರೆ ಅದು ಅಷ್ಟರಲ್ಲಾಗಲೇ ಅಂಗಳಗಳ ಮಣ್ಣಿಗೆ ಸೇರಿತ್ತು ಮತ್ತು ಅಲ್ಲಿಂದ ಕಾಲಿಗಂಟಿಕೊಂಡು, ಸಾಕುನಾಯಿಯ ಮೈಗೆ ಹತ್ತಿಕೊಂಡು, ಗಾಳಿಯಲ್ಲಿ ತೂರಿಕೊಂಡು ಮನೆಗಳ ನೆಲಹಾಸುಗಳಿಗೆ ಬರುತ್ತಲೇ ಇತ್ತು. ಆಮೇಲೆ 1,000 ಪಿಪಿಎಂ (ಅಂದರೆ ಒಂದು ಕಿಲೋ ಮಣ್ಣಿನಲ್ಲಿ 1,000 ಮಿಲಿಗ್ರಾಂ ಸೀಸ) ಮೀರಿದ ಅಂಗಳಗಳ ಮೇಲ್ಮಣ್ಣನ್ನು ಮನೆಮನೆಗೂ ಹೋಗಿ ತೆಗೆದು, ಬೇರೆ ಮಣ್ಣು ತುಂಬಿಸಿದರು. ಊರಿನ ಮಣ್ಣು ಶುದ್ಧವಾಗುತ್ತ ಹೋದಂತೆ ಮನೆಯೊಳಗಿನ ಧೂಳಿನ ಸೀಸವೂ ನಿಧಾನವಾಗಿ ಇಳಿಯಿತು. ಇದನ್ನು ಅವರು ತಿಳಿದುಕೊಂಡದ್ದು ವ್ಯಾಕ್ಯೂಮ್ ಕ್ಲೀನರ್‌ನ ಚೀಲಗಳಲ್ಲಿ ಮತ್ತು ಬಾಗಿಲಿನ ಕಾಲೊರಸುಗಳಲ್ಲಿ ಸಿಕ್ಕಿದ ಧೂಳನ್ನು ಅಳೆದು. ಜಾಂಬಿಯಾದ ಕಬ್ವೆಯಲ್ಲಿ ಸೀಸದ ಗಣಿ 1994ರಲ್ಲಿ ಮುಚ್ಚಿದ್ದರೂ ಸುತ್ತಲಿನ ಬಡಾವಣೆಗಳ ಮಕ್ಕಳ ರಕ್ತದಲ್ಲಿ ಸೀಸ ಇಂದಿಗೂ ವಿಪರೀತವಾಗಿದೆ. ಒಕ್ಲಹೋಮದ ಪಿಚರ್ ಎಂಬ ಊರಿನಲ್ಲಿ ಗಣಿಯ ಪುಡಿಗಲ್ಲಿನ ಗುಡ್ಡಗಳ ಮೇಲೆ ಮಕ್ಕಳು ಆಡುತ್ತಿದ್ದರು, ಅದೇ ಪುಡಿಯನ್ನು ಮನೆಯ ದಾರಿಗೂ ಹಾಕುತ್ತಿದ್ದರು. ಕೊನೆಗೆ ಊರನ್ನೇ ತೆರವು ಮಾಡಬೇಕಾಯಿತು.

ಕೊಡಗಿನವರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ನಮ್ಮಲ್ಲಿ ಸೀಸದ ಗಣಿ ಇಲ್ಲ, ಕುಲುಮೆಯೂ ಇಲ್ಲ. ಆದರೆ ಮಣ್ಣಿನಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಎಂಬ ಹಾದಿ ಎಲ್ಲ ಊರುಗಳಲ್ಲಿಯೂ ಒಂದೇ. ಬೇರೆಯಾಗುವುದು ಸೀಸದ ಮೂಲ ಮಾತ್ರ. ನಮ್ಮ ಮನೆಯಂಥ ಹಳೆಯ ಮನೆಗಳಲ್ಲಿ ಮೊದಲನೆಯ ಮೂಲವೆಂದರೆ ಬಣ್ಣ. ಭಾರತದಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ದಶಕಗಳಲ್ಲಿ ಬಾಗಿಲು, ಕಿಟಕಿ, ಐಮರ (ಜಗಲಿಯ ಕಂಬಗಳ ನಡುವಿನ ಮರದ ಹಲಗೆ), ಕಬ್ಬಿಣದ ಗೇಟುಗಳಿಗೆ ಒಂದರ ಮೇಲೊಂದರಂತೆ ಬಳಿದ ಎನಾಮೆಲ್ ಪದರಗಳಲ್ಲಿ ಎಷ್ಟು ಸೀಸವಿತ್ತೆಂದು ಬಳಿದವರಿಗೂ ಗೊತ್ತಿರಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದ ‘ರೆಡ್ ಲೆಡ್’ ಪ್ರೈಮರ್ ಅಂತೂ ಸೀಸದ ಆಕ್ಸೈಡೇ ಆಗಿದೆ; ಈಗ ಎಲ್ಲೆಡೆ ಸಿಗುವ ‘ರೆಡ್ ಆಕ್ಸೈಡ್’ ಬೇರೆ, ಅದು ಕಬ್ಬಿಣದ್ದು. ಜಿಲ್ಲೆಯಲ್ಲಿ ಹೋಂಸ್ಟೇಗಳು ಹೆಚ್ಚಿದ ಮೇಲೆ ಹಳೆಯ ತೇಗದ ಬಾಗಿಲುಗಳ ಬಣ್ಣವನ್ನು ಯಂತ್ರದಿಂದ ಉಜ್ಜಿ ಮರದ ನೈಜ ಬಣ್ಣವನ್ನು ಹೊರತರುವುದು ರೂಢಿಯಾಗಿದೆ. ಅದರಿಂದ ಏಳುವ ಹಿಟ್ಟಿನಂಥ ಧೂಳೇ ನಾನು ಈ ಪರೀಕ್ಷೆಗೆ ಹಣ ಕೊಡಲು ಕಾರಣ.

ಇನ್ನೊಂದು ಮೂಲವನ್ನು ಹೇಳಿದರೆ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಕೋವಿ ನಮ್ಮ ಸಂಸ್ಕೃತಿಯ ಭಾಗ; ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಅನೇಕ ಊರುಗಳಲ್ಲಿ ನಡೆಯುತ್ತದೆ. ಗುಂಡೂ ಚರೆಯೂ ಸೀಸದವು. ವರ್ಷಕ್ಕೊಮ್ಮೆ, ಅದೇ ಗದ್ದೆಯ ಬದಿಯಲ್ಲಿ, ಅದೇ ದಿಬ್ಬದ ಕಡೆಗೆ ಹೊಡೆದ ಈಡುಗಳೆಲ್ಲ ತಲೆಮಾರುಗಳಿಂದ ಆ ದಿಬ್ಬದಲ್ಲಿಯೇ ಉಳಿದಿವೆ, ಮತ್ತು ನಮ್ಮ ಹುಳಿಮಣ್ಣಿನಲ್ಲಿ ಸೀಸ ಬೇಗನೆ ಸವೆದು ಪುಡಿಯಾಗುತ್ತದೆ. ಹಬ್ಬವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆ ದಿಬ್ಬದ ಬುಡದಲ್ಲಿ ಸೊಪ್ಪು ಬೆಳೆಯುವುದು ಬೇಡ, ಚಿಕ್ಕ ಮಕ್ಕಳು ಅಲ್ಲಿ ಆಡುವುದೂ ಬೇಡ ಎಂದಷ್ಟೇ ಹೇಳುತ್ತೇನೆ. ಬೀಸುಬಲೆಗೆ ಕಟ್ಟಲು ಸೀಸವನ್ನು ಒಲೆಯ ಮೇಲೆ ಕರಗಿಸುತ್ತಿದ್ದ ಮನೆಗಳೂ ಇದ್ದವು. ಮಳೆಗಾಲದ ವಿದ್ಯುತ್ ಕಡಿತಕ್ಕಾಗಿ ಇಟ್ಟುಕೊಳ್ಳುವ ಇನ್ವರ್ಟರ್‌ನ ಹಳೆಯ ಬ್ಯಾಟರಿಯನ್ನು ಗುಜರಿಯವನು ಅಂಗಳದಲ್ಲಿಯೇ ಒಡೆದಿದ್ದರೆ ಆ ಜಾಗವನ್ನೂ ಪಟ್ಟಿಗೆ ಸೇರಿಸಬೇಕು.

ಈಗ ಪೆಟ್ಟಿಗೆಯ ವಿಚಾರ. ಅದರಲ್ಲಿ ಒಂದು ಚದರ ಅಡಿಯ ಪ್ಲಾಸ್ಟಿಕ್ ಚೌಕಟ್ಟು, ಒಂದೊಂದಾಗಿ ಮುಚ್ಚಿದ ಒದ್ದೆ ಒರಸುಬಟ್ಟೆಗಳು, ಕೈಗವಸುಗಳು, ಮುಚ್ಚಳವಿರುವ ನಳಿಕೆಗಳು, ಮಣ್ಣಿಗೆ ಜಿಪ್ ಚೀಲಗಳು ಮತ್ತು ಭರ್ತಿ ಮಾಡಬೇಕಾದ ಒಂದು ನಮೂನೆ ಇವೆ. ಚೌಕಟ್ಟನ್ನು ನೆಲದ ಮೇಲಿಟ್ಟು, ಒಳಗಿನ ಜಾಗವನ್ನು ಮೊದಲು ಅಡ್ಡಲಾಗಿ, ಬಟ್ಟೆಯನ್ನು ಮಡಚಿ ನಂತರ ಉದ್ದಲಾಗಿ, ಮತ್ತೆ ಮಡಚಿ ಮೂಲೆಗಳಲ್ಲಿ ಒರಸಿ ನಳಿಕೆಗೆ ಹಾಕಬೇಕು. ಸೂಚನೆಗಳು ಕನ್ನಡದಲ್ಲಿಯೂ ಇವೆ, ಚಿತ್ರಸಹಿತ ಇವೆ, ಗೊಂದಲವಿಲ್ಲ. ಏನನ್ನೂ ಒರಸದ ಖಾಲಿ ಬಟ್ಟೆಯೊಂದನ್ನು ಸಹ ಕಳುಹಿಸುವಂತೆ ಕೇಳುತ್ತಾರೆ. ಬಟ್ಟೆಯಲ್ಲಿಯೇ ಸೀಸವಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವ ಈ ಕ್ರಮ ಪ್ರಯೋಗಾಲಯದ ಶಿಸ್ತನ್ನು ತೋರಿಸುತ್ತದೆ.

ಮಣ್ಣಿನ ಸೂಚನೆಯ ಬಗ್ಗೆ ಇಷ್ಟೇ ಸಮಾಧಾನ ನನಗಿಲ್ಲ. ಕಾಫಿ ಬೆಳೆಗಾರರಾದ ನಮಗೆಲ್ಲ ಮಣ್ಣು ಪರೀಕ್ಷೆ ಹೊಸದಲ್ಲ. ಗುಂಡಿ ತೋಡಿ, ಬೇರಿನ ಆಳದವರೆಗಿನ ಮಣ್ಣನ್ನು ಕೆರೆದು, ತೋಟದ ನಾಲ್ಕಾರು ಕಡೆಯದನ್ನು ಬೆರೆಸಿ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಕಳುಹಿಸಿ ಅಭ್ಯಾಸವಿದೆ. ಸೀಸದ ಪರೀಕ್ಷೆಗೆ ಆ ಕ್ರಮ ಹೊಂದುವುದಿಲ್ಲ. ಮೇಲಿನಿಂದ ಬಿದ್ದ ಸೀಸವು ಎಲೆಗೊಬ್ಬರ ಮತ್ತು ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಮೇಲ್ಪದರದಲ್ಲಿಯೇ ಉಳಿಯುವುದರಿಂದ, ಮೇಲಿನ ಒಂದು ಅಂಗುಲದ ಮಣ್ಣನ್ನು ಮಾತ್ರ ತೆಗೆಯಬೇಕು. ಆಳದ ಮಣ್ಣು ಬೆರೆತರೆ ಅಂಕಿ ಇಳಿದು ಸುಳ್ಳು ನೆಮ್ಮದಿ ಕೊಡುತ್ತದೆ. ಪುಸ್ತಿಕೆಯಲ್ಲಿ ಈ ಮಾತು ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಇದಕ್ಕಿಂತ ಮುಖ್ಯವಾದ ಕೊರತೆ ಜರಡಿಯದು. ಮಗುವಿನ ಅಂಗೈಗೆ ಅಂಟುವುದು ನುಣುಪಾದ ಕಣ. ಆ ಕಾರಣಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 150 ಮೈಕ್ರಾನ್ (0.15 ಮಿಲಿಮೀಟರ್) ಜರಡಿಯಲ್ಲಿ ಇಳಿದ ಮಣ್ಣನ್ನೇ ಅಳೆಯಬೇಕೆಂದು ಹೇಳುತ್ತದೆ. ಈ ಪ್ರಯೋಗಾಲಯವು ನಾವು ಕೇಳದಿದ್ದರೆ ಕೃಷಿ ಮಣ್ಣಿನಂತೆ 2 ಮಿಲಿಮೀಟರ್ ಜರಡಿಯನ್ನೇ ಬಳಸುತ್ತದೆ. ನಮೂನೆಯ ಮೇಲೆ ಬರೆದು ಕೇಳಿದರೆ ಹೆಚ್ಚುವರಿ ಶುಲ್ಕವಿಲ್ಲದೆ 150 ಮೈಕ್ರಾನ್‌ನಲ್ಲಿ ಮಾಡಿಕೊಡುತ್ತದೆ. ಕೇಳಿದವರಿಗಷ್ಟೇ ಸರಿಯಾದ ಪರೀಕ್ಷೆ ಎಂಬ ಈ ವ್ಯವಸ್ಥೆಯನ್ನು ಅವರು ಬದಲಿಸಬೇಕು.

ಕಾಲದ ಬಗ್ಗೆ ಪುಸ್ತಿಕೆ ಒಂದು ಮಾತನ್ನೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯಲ್ಲಿ ಧೂಳು ಎಲ್ಲಿಂದ ಬರಬೇಕು? ಕಿಟಕಿ ಮುಚ್ಚಿರುತ್ತದೆ, ನೆಲ ಜಿನುಗುತ್ತಿರುತ್ತದೆ, ಒಳಗೆ ಬರುವುದೆಲ್ಲ ಕೆಸರು. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಕಣದಲ್ಲಿ ಕಾಫಿ ಒಣಗುವಾಗ ಮನೆಯ ಸಂದುಸಂದಿನಲ್ಲಿಯೂ ಕೆಂಪು ಧೂಳು ಕೂರುವ ಸಮಯದಲ್ಲಿ ತೆಗೆದ ಮಾದರಿಯೇ ನಿಜ ಹೇಳುತ್ತದೆ. ಮಣ್ಣಿನ ಮಾದರಿಗೆ ಜಾಗವನ್ನು ಆರಿಸುವಾಗ ಸೂರಿನ ನೀರು ಬೀಳುವ ಸಾಲನ್ನು ಮರೆಯಬಾರದು. ಗೋಡೆ, ಕಿಟಕಿ, ತೊಲೆಗಳ ಬಣ್ಣ ಉದುರಿ ಪ್ರತಿ ಮಳೆಗಾಲದಲ್ಲಿಯೂ ಬಂದು ಸೇರುವುದು ಅಲ್ಲಿಯೇ.

ನಮ್ಮ ಮನೆಯ ಫಲಿತಾಂಶದಲ್ಲಿ ನಡುಮನೆಯ ನೆಲ ಬಹುಮಟ್ಟಿಗೆ ಶುದ್ಧವಾಗಿತ್ತು. ಉಜ್ಜುವ ಕೆಲಸ ನಡೆದ ಬದಿಯ ಕಿಟಕಿಯ ಹಲಗೆಗಳಲ್ಲಿ ಸೀಸ ಎದ್ದು ಕಾಣುವಷ್ಟಿತ್ತು, ಸೂರಿನ ಸಾಲಿನ ಮಣ್ಣು ತೋಟದ ಮಣ್ಣಿಗಿಂತ ಬಹಳ ಮೇಲಿತ್ತು, ಗುರಿ ಕಟ್ಟುವ ದಿಬ್ಬದ ಮಣ್ಣು ಎಲ್ಲಕ್ಕಿಂತ ಮೇಲಿತ್ತು. ಇವುಗಳಲ್ಲಿ ಕಿಟಕಿಯ ಮಾದರಿಗೂ ಸೂರಿನ ಸಾಲಿನ ಮಾದರಿಗೂ ‘ಮಿತಿಯೊಳಗಿದೆ’ ಎಂಬ ಹಸಿರು ಮೊಹರು ಬಿದ್ದಿತ್ತು. ಯಾವ ಮಿತಿ ಎಂದು ಹುಡುಕಿದರೆ, ವರದಿಯ ಕೊನೆಯ ಪುಟದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳಿದ್ದವು: ನೆಲಕ್ಕೆ ಚದರ ಅಡಿಗೆ 40 ಮೈಕ್ರೋಗ್ರಾಂ, ಕಿಟಕಿಯ ಹಲಗೆಗೆ 250, ಮಕ್ಕಳು ಆಡುವ ಮಣ್ಣಿಗೆ 400 ಪಿಪಿಎಂ. ಇವು 2001ರ ಅಂಕಿಗಳು. ಅದೇ ಸಂಸ್ಥೆ 2019ರಲ್ಲಿ ನೆಲದ ಮಿತಿಯನ್ನು 10ಕ್ಕೂ ಕಿಟಕಿಯದನ್ನು 100ಕ್ಕೂ ಇಳಿಸಿತು. 2024ರ ಅಕ್ಟೋಬರ್‌ನಲ್ಲಿ, ಪ್ರಯೋಗಾಲಯ ಗುರುತಿಸಬಲ್ಲ ಯಾವ ಪ್ರಮಾಣದ ಸೀಸವೂ ಅಪಾಯವೇ ಎಂದು ಘೋಷಿಸಿ, ಸ್ವಚ್ಛಗೊಳಿಸಿದ ನಂತರ ತಲುಪಬೇಕಾದ ಗುರಿಯನ್ನು ನೆಲಕ್ಕೆ 5, ಕಿಟಕಿಯ ಹಲಗೆಗೆ 40 ಎಂದು ಇಟ್ಟಿತು. ವಸತಿ ಪ್ರದೇಶದ ಮಣ್ಣಿಗೆ ಮಾರ್ಗಸೂಚಿಯ ಮಟ್ಟ 2024ರ ಜನವರಿಯಲ್ಲಿ 200ಕ್ಕೆ ಇಳಿದಿದೆ. ಅಂದರೆ ಎರಡು ದಶಕ ಹಳೆಯದಾದ ಅಳತೆಗೋಲನ್ನು ಹಿಡಿದು ಹಸಿರು ಮೊಹರು ಒತ್ತಲಾಗಿತ್ತು. ಫೋನು ಮಾಡಿ ಕೇಳಿದಾಗ, “ಸರ್, ಸಾಫ್ಟ್‌ವೇರ್‌ನಲ್ಲಿ ಫಾರ್ಮ್ಯಾಟ್ ಹಾಗೇ ಇದೆ, ನಾವು ಬದಲಾಯಿಸೋಕೆ ಆಗಲ್ಲ” ಎಂದು ಅಲ್ಲಿನ ಹುಡುಗಿ ವಿನಯದಿಂದಲೇ ಹೇಳಿದಳು. ಒತ್ತಾಯಿಸಿದ ಮೇಲೆ ಮೊಹರಿಲ್ಲದ ವರದಿಯೊಂದನ್ನು ಕಳುಹಿಸಿದರು. ಮಗುವಿರುವ ಮನೆಯವರು ಹಸಿರು ಬಣ್ಣವನ್ನು ನೋಡಿ ವರದಿಯನ್ನು ಮಡಚಿಟ್ಟುಬಿಟ್ಟರೆ ಆಗುವ ಹಾನಿಗೆ ಈ ವಿನಯ ಪರಿಹಾರವಾಗಲಾರದು.

ಹಳೆಯ ಅಂಕಿಗಳು ಏಕೆ ಇಳಿದವು ಎಂಬುದನ್ನು ಪುಸ್ತಿಕೆ ಹೇಳಬಹುದಿತ್ತು. ದೊಡ್ಡವರು ನುಂಗಿದ ಸೀಸದಲ್ಲಿ ಸಣ್ಣ ಪಾಲು ಮಾತ್ರ ರಕ್ತಕ್ಕೆ ಸೇರಿದರೆ ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಲ್ಲದು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಕಡಿಮೆ ಇರುವ ಮಗುವಿನಲ್ಲಿ ಇನ್ನೂ ಹೆಚ್ಚು. ರಕ್ತದಿಂದ ತಿಂಗಳೊಳಗೆ ಅರ್ಧ ಇಳಿದಂತೆ ಕಂಡರೂ ಮೂಳೆಗಳಲ್ಲಿ ಅದು ದಶಕಗಳ ಕಾಲ ಕೂರುತ್ತದೆ. ಮಿದುಳಿನ ಬೆಳವಣಿಗೆಗೆ ಹಾನಿ ಮಾಡದ ಸುರಕ್ಷಿತ ಮಟ್ಟ ಯಾವುದೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ವರದಿಯನ್ನು ಓದುವಾಗ ಇನ್ನೊಂದು ತೊಡಕಿದೆ. ಒರಸುಬಟ್ಟೆಯ ಫಲಿತಾಂಶವು ಒಂದು ಚದರ ಅಡಿಯಲ್ಲಿ ಎಷ್ಟು ಸೀಸ ಬಿದ್ದಿದೆ ಎಂಬುದನ್ನು ಹೇಳುತ್ತದೆ. ಮಣ್ಣಿನದು ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಎಂಬುದನ್ನು. ಎರಡನ್ನೂ ಪಕ್ಕಪಕ್ಕ ಮುದ್ರಿಸಿದ್ದಾರೆ, ಆದರೆ ಹೋಲಿಸಲು ಬಾರದು. ವಾರಗಟ್ಟಲೆ ಗುಡಿಸದ ಕೋಣೆಯಲ್ಲಿ ಸೀಸ ಕಡಿಮೆಯಿರುವ ಧೂಳೂ ದೊಡ್ಡ ಅಂಕಿಯನ್ನು ಕೊಡುತ್ತದೆ. ಸೀಸ ಹೊರಗಿನ ಮಣ್ಣಿನಿಂದ ಬರುತ್ತಿದೆಯೋ ಒಳಗಿನ ಬಣ್ಣದಿಂದಲೋ ಎಂದು ತಿಳಿಯಬೇಕಾದರೆ ಬಂಕರ್ ಹಿಲ್‌ನಲ್ಲಿ ಮಾಡಿದಂತೆ ವ್ಯಾಕ್ಯೂಮ್ ಚೀಲದ ಧೂಳನ್ನೇ ಮಣ್ಣಿನಂತೆ ಕಿಲೋ ಲೆಕ್ಕದಲ್ಲಿ ಅಳೆಸಬೇಕು. ಧೂಳಿನ ಅಂಕಿ ಅಂಗಳದ ಮಣ್ಣಿನದಕ್ಕಿಂತ ಬಹಳ ಮೇಲಿದ್ದರೆ ಮೂಲ ಮನೆಯೊಳಗೇ ಇದೆ ಎಂದರ್ಥ. ಪ್ರಯೋಗಾಲಯವು ಇದನ್ನು ಮಾಡಿಕೊಡುತ್ತದೆ, ಆದರೆ ತನ್ನ ಪ್ಯಾಕೇಜ್‌ಗಳ ಪಟ್ಟಿಯಲ್ಲಿ ಹಾಕಿಲ್ಲ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ: ನಮ್ಮ ಧೂಳು ಬಾಗಿಲುಗಳ ಕಡೆಗೆ ಬೆರಳು ತೋರಿಸಿತು.

ಇದಕ್ಕೆ ಬದಲಾಗಿ ಆನ್‌ಲೈನ್‌ನಲ್ಲಿ ಸಿಗುವ, ತಾಗಿಸಿದರೆ ಬಣ್ಣ ಬದಲಾಗುವ ಕಡ್ಡಿಗಳು ಸಾಲದೇ ಎಂದು ನಮ್ಮ ಆಚಾರಿ ಕೇಳಿದ. “ಅಣ್ಣಾ, ಇಷ್ಟು ದುಡ್ಡು ಯಾಕೆ ಸುರೀತೀರಿ?” ಎಂಬುದು ಅವನ ಪ್ರಶ್ನೆ. ಬಣ್ಣದ ಪದರಕ್ಕೆ ಆ ಕಡ್ಡಿ ಒಂದು ಮಟ್ಟಿಗೆ ಸರಿ. ಬಾಗಿಲನ್ನು ಎಲ್ಲ ಪದರಗಳೂ ಕಾಣುವಂತೆ ಕೊರೆದು ಉಜ್ಜಿದರೆ ಕೆಂಪಾಗುತ್ತದೆ. ಆದರೆ ಅದು ಇದೆ ಅಥವಾ ಇಲ್ಲ ಎನ್ನುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ, ಧೂಳಿನಲ್ಲಿರುವ ಅಲ್ಪ ಪ್ರಮಾಣವನ್ನು ಹಿಡಿಯುವುದಿಲ್ಲ, ಮತ್ತು ನಮ್ಮ ಕೆಂಪು ಮಣ್ಣಿನ ಮೇಲೆ ಉಜ್ಜಿದ ಕಡ್ಡಿ ಸೀಸವಿರಲಿ ಇಲ್ಲದಿರಲಿ ಕೆಂಪಾಗಿಯೇ ಬರುತ್ತದೆ. ಉಜ್ಜುವ ಕೆಲಸ ಶುರುಮಾಡುವ ಮುನ್ನ ಬಾಗಿಲನ್ನು ಪರೀಕ್ಷಿಸಲು ಕಡ್ಡಿಯನ್ನು ಕೊಳ್ಳಬಹುದು. ಮಣ್ಣಿಗೂ ಧೂಳಿಗೂ ಬೇಡ.

ದರ ಕಡಿಮೆಯೇನಲ್ಲ, ಮಾದರಿಗಳ ಸಂಖ್ಯೆ ಏರಿದಂತೆ ಏರುತ್ತದೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ, ಆದರೆ ಲಾಂಛನವನ್ನು ಮಾತ್ರ ನೋಡದೆ ಮಾನ್ಯತಾ ಪತ್ರದ ಪಟ್ಟಿಯಲ್ಲಿ ‘ಮಣ್ಣು – ಸೀಸ’ ಎಂಬ ಸಾಲು ಇದೆಯೇ ಎಂದು ಕೇಳಿ ನೋಡಬೇಕು, ಇವರಲ್ಲಿ ಅದಿತ್ತು. ವರದಿಯೊಂದಿಗೆ ಅವರು ಮಾರಲು ನೋಡುವ ‘ಡೀಪ್ ಕ್ಲೀನಿಂಗ್’ ಸೇವೆಯನ್ನು ನಾನು ನಿರಾಕರಿಸಿದೆ. ಬಂದವರು ತರುವುದು ಸಾಮಾನ್ಯ ವ್ಯಾಕ್ಯೂಮ್ ಎಂದು ವಿಚಾರಿಸಿದಾಗ ತಿಳಿಯಿತು. ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದ ಯಂತ್ರವು ಸೀಸದ ನುಣ್ಣನೆಯ ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಪೊರಕೆಯೂ ಅದನ್ನೇ ಮಾಡುತ್ತದೆ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆ, ತೊಳೆಯಲು ಬೇರೆ ಬಕೆಟ್ಟಿನಲ್ಲಿ ಶುದ್ಧ ನೀರು, ಕಿಟಕಿಯ ಹಲಗೆಯಿಂದ ಆರಂಭಿಸಿ ಕೊನೆಗೆ ನೆಲ: ಈ ಕೆಲಸವನ್ನು ಮನೆಯವರೇ ಮಾಡಬಹುದು. ಉಳಿದ ಬಾಗಿಲುಗಳನ್ನು ಆಚಾರಿ ಈಗ ಯಂತ್ರದಿಂದ ಉಜ್ಜುವುದಿಲ್ಲ; ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಸಿಂಪಡಿಸಿ, ಕೈಯಿಂದ ಕೆರೆಯುತ್ತಾನೆ. ಸೂರಿನ ಸಾಲಿಗೆ ಜಲ್ಲಿ ಹಾಸಿ ಮುಚ್ಚಿದ್ದೇವೆ. ಗಂಬೂಟುಗಳು ಜಗಲಿಯನ್ನು ದಾಟಿ ಒಳಗೆ ಬರುವುದಿಲ್ಲ.

ಈ ಸೇವೆಯನ್ನು ಯಾರು ಕೊಳ್ಳಬೇಕೆಂದು ಕೇಳಿದರೆ, ಹಳೆಯ ಬಣ್ಣವನ್ನು ಕೆರೆಸುತ್ತಿರುವವರು ಮತ್ತು ಆರು ವರ್ಷದೊಳಗಿನ ಮಕ್ಕಳಿರುವ ಹಳೆಯ ಮನೆಯವರು ಎನ್ನುತ್ತೇನೆ. ತೋಟದ ಮಾಲೀಕರು ತಮ್ಮ ಬಂಗಲೆಯ ಜೊತೆಗೆ ಕಾರ್ಮಿಕರ ಲೈನ್ ಮನೆಗಳ ಒಂದೆರಡು ಮಾದರಿಗಳನ್ನೂ ಸೇರಿಸಬೇಕು, ಏಕೆಂದರೆ ಮಣ್ಣಿನ ಅಂಗಳದಲ್ಲಿ ದಿನವಿಡೀ ಆಡುವ ಮಕ್ಕಳು ಇರುವುದು ಅಲ್ಲಿ. ಹೊಸ ಮನೆ, ಹೊಸ ಬಣ್ಣ, ದೊಡ್ಡವರಷ್ಟೇ ಇರುವ ಕುಟುಂಬವಾದರೆ ಈ ಖರ್ಚು ಬೇಕಿಲ್ಲ. ಕೆರೆಯುವ ಕೆಲಸ ಈಗಾಗಲೇ ಮುಗಿದಿರುವ ಮನೆಯಲ್ಲಿ ಚಿಕ್ಕ ಮಗುವಿದ್ದರೆ ಧೂಳಿನ ವರದಿಗಾಗಿ ಕಾಯದೆ ಮೊದಲು ವೈದ್ಯರ ಮೂಲಕ ಮಗುವಿನ ರಕ್ತದ ಸೀಸದ ಮಟ್ಟವನ್ನು, ಬೆರಳ ತುದಿಯಿಂದಲ್ಲ, ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಪರೀಕ್ಷಿಸಿಕೊಳ್ಳುವುದು ಸೂಕ್ತ. ಪೆಟ್ಟಿಗೆಯನ್ನು ತರಿಸುವವರು ಮಣ್ಣಿನ ನಮೂನೆಯ ಮೇಲೆ ‘150 ಮೈಕ್ರಾನ್’ ಎಂದೂ ‘ಮೊಹರು ಬೇಡ, ಅಂಕಿ ಸಾಕು’ ಎಂದೂ ಬರೆದು ಕಳುಹಿಸಲಿ.